ಟಾಗೋರರು, ಗಾಂಧೀಜಿ ಮುಸೊಲಿನಿಯನ್ನು ಮೆಚ್ಚಿದ್ದು ನಿಜವೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಹತ್ತನೇ ತರಗತಿಗೆ ಮಹಾಯುದ್ಧಗಳ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು, "ಮಿಸ್, ಟಾಗೋರರೂ ಗಾಂಧೀಜಿಯೂ ಮುಸೊಲಿನಿಯನ್ನ ಹೊಗಳಿದಾರಂತೆ, ನಮ್ಮ ಮಾವನ ವಾಟ್ಸ್ಆ್ಯಪ್‌ಗೆ ಬಂದಿದೆ" ಅಂದ. ಮಾರನೇ ದಿನ ಪ್ರಿಂಟ್ ತೆಗೆಸಿಕೊಂಡೇ ಬಂದ. ಅದರಲ್ಲಿ ಗಾಂಧೀಜಿ ರೋಮ್‌ನಲ್ಲಿ ಕಪ್ಪು ಅಂಗಿ ತೊಟ್ಟ ಹುಡುಗರ ಸಾಲಿನೆದುರು ನಿಂತ ಚಿತ್ರವಿತ್ತು. ಕೆಳಗೆ, ಮುಸೊಲಿನಿಯ ಸುಧಾರಣೆಗಳು ನನ್ನನ್ನು ಆಕರ್ಷಿಸುತ್ತವೆ ಎಂಬ ಮಾತು. ಅವನ ಕಾಲದಲ್ಲಿ ರೈಲುಗಳು ನಿಮಿಷ ತಪ್ಪದೆ ಓಡುತ್ತಿದ್ದವು ಅಂತಲೂ ಬರೆದಿತ್ತು. "ಇದೆಲ್ಲ ಸುಳ್ಳು ಸುದ್ದಿ, ನಂಬಬೇಡ" ಅಂದುಬಿಟ್ಟೆ. ಮನೆಗೆ ಬಂದು ಹುಡುಕಿದರೆ ಪೂರ್ತಿ ಸುಳ್ಳಲ್ಲ ಅನ್ನಿಸುತ್ತಿದೆ. ಹೆಡ್‌ಮಾಸ್ಟರು, "ಸಿಲಬಸ್‌ನಲ್ಲಿ ಇಲ್ಲದ್ದು ನಮಗ್ಯಾಕೆ, ಯಾರಾದರೂ ದೂರು ಕೊಟ್ಟರೆ ತಲೆನೋವು" ಅನ್ನುತ್ತಾರೆ. ಇಷ್ಟು ದೊಡ್ಡವರು ಹೇಗೆ ಮರುಳಾದರು? ಆ ಹುಡುಗನಿಗೆ ಈಗ ಏನು ಹೇಳಲಿ?

ಉತ್ತರ: ಮೇಡಂ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಗಾಂಧೀಜಿ 1931ರ ಡಿಸೆಂಬರ್‌ನಲ್ಲಿ ರೋಮ್‌ಗೆ ಹೋಗಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯನ್ನು ಕಂಡದ್ದು, ಅವನ ಫ್ಯಾಸಿಸ್ಟ್ ಪಕ್ಷದ ಬಾಲಕರ ಕವಾಯತು ನೋಡಿದ್ದು ನಿಜ. ಆ ಮಾತೂ ಅವರದ್ದೇ. ಟಾಗೋರರು 1926ರಲ್ಲಿ ಇಟಲಿ ಸರ್ಕಾರದ ಅತಿಥಿಯಾಗಿ ಹೋಗಿ ಮುಸೊಲಿನಿಯನ್ನು ಮೆಚ್ಚಿ ಮಾತಾಡಿದ್ದೂ ನಿಜ. ನಿಮ್ಮ ಹುಡುಗ ತಂದ ಕಾಗದದ ದೋಷ ಬೇರೆ ಕಡೆ ಇದೆ. ಅದು ಕಥೆಯನ್ನು ಅರ್ಧಕ್ಕೇ ಕತ್ತರಿಸಿದೆ, ತಾರೀಖು ಅಳಿಸಿದೆ. ನೀವು "ಸುಳ್ಳು" ಅಂದದ್ದು ಆತುರದ ಮಾತಾಯಿತು. ಆದರೆ ಮನೆಗೆ ಹೋಗಿ ಹುಡುಕಿದಿರಲ್ಲ, ಅದರಿಂದ ಅರ್ಧ ಸರಿಹೋಗಿದೆ. ಉಳಿದರ್ಧಕ್ಕೆ ನಾನು ಮೂವತ್ತು ವರ್ಷ ಯುರೋಪಿನ ಇತಿಹಾಸ ಪಾಠ ಮಾಡಿದವನಾಗಿ ಕೈಜೋಡಿಸುತ್ತೇನೆ.

ಟಾಗೋರರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಂಥ ಪ್ರವಾಸಗಳು ಒಳಗಿನಿಂದ ಹೇಗೆ ನಡೆಯುತ್ತಿದ್ದವು ಎಂಬುದು ಇದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

1925ರ ನವೆಂಬರ್‌ನಲ್ಲಿ ರೋಮ್ ವಿಶ್ವವಿದ್ಯಾಲಯದ ಸಂಸ್ಕೃತ ಪ್ರಾಧ್ಯಾಪಕ ಕಾರ್ಲೊ ಫೋರ್ಮಿಕಿ ಶಾಂತಿನಿಕೇತನಕ್ಕೆ ಪಾಠ ಮಾಡಲು ಬಂದರು. ಮುಂದೆ ಟಿಬೆಟ್ ಅಧ್ಯಯನದಲ್ಲಿ ದೊಡ್ಡ ಹೆಸರು ಮಾಡಿದ ಜುಸೆಪ್ಪೆ ತೂಚ್ಚಿಯೂ ಬಂದರು. ಅವರ ಜೊತೆಗೆ ಬಂತು ಇಟಾಲಿಯನ್ ಪುಸ್ತಕಗಳ ದೊಡ್ಡ ಸಂಗ್ರಹ, ಮುಸೊಲಿನಿಯ ಕಾಣಿಕೆಯಾಗಿ. ವಿಶ್ವಭಾರತಿಗೆ ಆಗ ಹಣದ ಮುಗ್ಗಟ್ಟು. ಪೂರ್ವ ಪಶ್ಚಿಮಗಳ ವಿದ್ವಾಂಸರು ಒಂದೇ ಮರದಡಿ ಕೂರಬೇಕೆಂದು ಹಂಬಲಿಸುತ್ತಿದ್ದ ಕವಿಗೆ ಇದಕ್ಕಿಂತ ಪ್ರಿಯವಾದ ಉಡುಗೊರೆ ಬೇರೇನಿದ್ದೀತು? ಅದನ್ನು ಕಳಿಸಿದವರಿಗೂ ಆ ಹಂಬಲ ಚೆನ್ನಾಗಿ ಗೊತ್ತಿತ್ತು.

1926ರ ಮೇ 30ರಂದು ಟಾಗೋರರು ನೇಪಲ್ಸ್ ಬಂದರಿನಲ್ಲಿ ಇಳಿದರು. ಮರುದಿನವೇ ರೋಮ್‌ನಲ್ಲಿ ಮುಸೊಲಿನಿಯ ಭೇಟಿ. ಇಟಾಲಿಯನ್‌ಗೆ ಅನುವಾದವಾದ ನಿಮ್ಮ ಪುಸ್ತಕಗಳನ್ನೆಲ್ಲ ಓದಿದ್ದೇನೆ ಎಂದು ಅವನು ಹೇಳಿದ. ಆಮೇಲೆ ಸನ್ಮಾನ, ಉಪನ್ಯಾಸ, ದೊರೆಯ ಭೇಟಿ. ಎಲ್ಲ ಕಡೆಯೂ ದುಭಾಷಿಯಾಗಿ ಪಕ್ಕದಲ್ಲಿ ಫೋರ್ಮಿಕಿ. ಕವಿಗೆ ಇಟಾಲಿಯನ್ ಬರುತ್ತಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಆಡಿದ ಮಾತು ಮರುದಿನದ ಪತ್ರಿಕೆಯಲ್ಲಿ ಏನಾಗಿ ಅಚ್ಚಾಗಿದೆ ಎಂದು ತಿಳಿಯಲು ಮತ್ತೆ ಆತಿಥೇಯರನ್ನೇ ಕೇಳಬೇಕು. ಮುಸೊಲಿನಿಯನ್ನು ಮೈಕೆಲೆಂಜೆಲೊನ ಉಳಿ ಕಡೆದ ಹಾಗಿದ್ದಾನೆ ಎಂಬ ಅರ್ಥದಲ್ಲಿ ಅವರು ಬಣ್ಣಿಸಿದ್ದು ದೊಡ್ಡದಾಗಿ ಬಂತು. ವ್ಯಕ್ತಿಯ ಬಗ್ಗೆ ಆಡಿದ್ದು ಅವನ ಪಕ್ಷಕ್ಕೂ ಆಡಳಿತಕ್ಕೂ ಕೊಟ್ಟ ಸರ್ಟಿಫಿಕೇಟ್ ಆಗಿ ಊರೂರು ಸುತ್ತಿತು.

ಇಲ್ಲಿ ಒಂದು ಘಟನೆ ನಿಮ್ಮ ಮಕ್ಕಳಿಗೆ ಹೇಳಲೇಬೇಕಾದ್ದು. ಟಾಗೋರರು ತತ್ತ್ವಜ್ಞಾನಿ ಬೆನೆಡೆಟ್ಟೊ ಕ್ರೋಚೆಯವರನ್ನು ನೋಡಬೇಕು ಎಂದು ಪಟ್ಟು ಹಿಡಿದರು. ಹಿಂದಿನ ವರ್ಷ, 1925ರ ಮೇ 1ರಂದು, ಫ್ಯಾಸಿಸಂ ವಿರುದ್ಧ ಲೇಖಕರ ಬಹಿರಂಗ ಹೇಳಿಕೆ ಬರೆದವರು ಕ್ರೋಚೆ. ಫೋರ್ಮಿಕಿಗೆ ಇರುಸುಮುರುಸಾಯಿತು. ಕೊನೆಗೆ ಭೇಟಿಯೇನೋ ಆಯಿತು, ಆದರೆ ಸದ್ದಿಲ್ಲದೆ, ಸಭೆ ಸಮಾರಂಭವಿಲ್ಲದೆ. ನಾಡಿನ ಅತಿ ದೊಡ್ಡ ಚಿಂತಕನನ್ನು ಅತಿಥಿಯೊಬ್ಬ ಕದ್ದುಮುಚ್ಚಿ ಕಾಣಬೇಕಾಗುತ್ತದೆ ಅಂದರೆ ಆ ನಾಡಿನ ಸ್ಥಿತಿ ಏನು ಎಂಬ ಅನುಮಾನ ಅಲ್ಲಿಯೇ ಮೊಳೆತಿರಬೇಕು.

ಮುಂದೆ ಅವರು ಸ್ವಿಟ್ಜರ್ಲೆಂಡಿನ ವಿಲ್‌ನವ್ ಎಂಬ ಊರಿಗೆ ಹೋದರು. ಫ್ರೆಂಚ್ ಲೇಖಕ ರೊಮೇ ರೋಲಾ ಅಲ್ಲಿದ್ದರು. ಇಟಲಿಯ ಪತ್ರಿಕೆಗಳಲ್ಲಿ ಕವಿಯ ಹೆಸರಿನಲ್ಲಿ ಏನೇನು ಬಂದಿದೆ ಎಂದು ಸರಿಯಾಗಿ ತಿಳಿದದ್ದು ಅಲ್ಲಿ. 1924ರ ಜೂನ್ 10ರಂದು ಸಮಾಜವಾದಿ ಸಂಸದ ಜಾಕೊಮೊ ಮಾಟ್ಟಿಯೊಟ್ಟಿಯನ್ನು ಹಾಡಹಗಲೇ ಕಾರಿನಲ್ಲಿ ಎತ್ತಿಹಾಕಿಕೊಂಡು ಹೋಗಿ ಕೊಂದದ್ದು. ಉದಾರವಾದಿ ನಾಯಕ ಜೊವಾನ್ನಿ ಅಮೆಂದೋಲರನ್ನು 1925ರ ಜುಲೈನಲ್ಲಿ ದಾರಿಯಲ್ಲಿ ಅಡ್ಡಗಟ್ಟಿ ಬಡಿದದ್ದು. ಆ ಏಟಿನಿಂದ ಚೇತರಿಸಿಕೊಳ್ಳದೆ ಅಮೆಂದೋಲ ತೀರಿಕೊಂಡದ್ದು 1926ರ ಏಪ್ರಿಲ್‌ನಲ್ಲಿ. ಕವಿ ನೇಪಲ್ಸ್‌ನಲ್ಲಿ ಇಳಿದು ಹೂಮಾಲೆ ಹಾಕಿಸಿಕೊಳ್ಳುವಾಗ ಆ ಸಾವಿಗೆ ಎರಡು ತಿಂಗಳೂ ಆಗಿರಲಿಲ್ಲ. ಝೂರಿಕ್‌ನಲ್ಲಿ, ಫ್ಯಾಸಿಸ್ಟರಿಂದ ಹೊಡೆತ ತಿಂದು ದೇಶ ಬಿಟ್ಟಿದ್ದ ಪ್ರಾಧ್ಯಾಪಕ ಸಾಲ್ವದೋರಿಯವರ ಪತ್ನಿ ಎದುರು ಕೂತು ತಮ್ಮ ಮನೆಗೆ ಬಂದ ಸಂಕಟ ಹೇಳಿಕೊಂಡರು. ಕವಿಯನ್ನು ಅಲುಗಾಡಿಸಿದ್ದು ಇಂಥ ಎದುರುಬದುರು ಮಾತುಗಳು ಎಂದೇ ನಾನು ತಿಳಿದಿದ್ದೇನೆ.

ಆಗಸ್ಟ್ 5ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಟಾಗೋರರು ತಮ್ಮ ಗೆಳೆಯ ಸಿ.ಎಫ್. ಆಂಡ್ರೂಸ್‌ರಿಗೆ ಬರೆದ ಪತ್ರ ಪ್ರಕಟವಾಯಿತು. ಮಾತಾಡುವ ಸ್ವಾತಂತ್ರ್ಯವನ್ನು ನಿರ್ದಯವಾಗಿ ಅಡಗಿಸುವ, ಮನಸ್ಸಾಕ್ಷಿಗೆ ವಿರುದ್ಧವಾದ ಆಚರಣೆಗಳನ್ನು ಹೇರುವ, ರಕ್ತದ ಹಾದಿಯಲ್ಲಿ ನಡೆಯುವ ಒಂದು ಚಳವಳಿಯನ್ನು ನಾನು ಬೆಂಬಲಿಸಬಲ್ಲೆ ಎಂದು ಊಹಿಸುವುದೇ ಅಸಂಬದ್ಧ ಎಂಬುದು ಅದರ ತಿರುಳು. ಅಲ್ಲಿಯವರೆಗೆ ಅವರನ್ನು ತಲೆಯ ಮೇಲೆ ಹೊತ್ತಿದ್ದ ಇಟಲಿಯ ಪತ್ರಿಕೆಗಳು ಬೈಗುಳಕ್ಕಿಳಿದವು. ಟಾಗೋರರು ಹೊರಡುವ ಮುಂಚೆಯೇ ವಿಚಾರಿಸಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಗತ್ತಿಗೇ ಗೊತ್ತಾಗುವಂತೆ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು, ಅದೂ ಅರವತ್ತೈದನೇ ವಯಸ್ಸಿನಲ್ಲಿ. ಆ ಕಾಲದ ಎಷ್ಟೋ ಪ್ರವಾಸಿಗರು ಅಷ್ಟನ್ನೂ ಮಾಡಲಿಲ್ಲ.

ಇನ್ನು ಗಾಂಧೀಜಿ. ಲಂಡನ್ನಿನ ದುಂಡುಮೇಜಿನ ಪರಿಷತ್ತು ಮುಗಿಸಿ ವಾಪಸಾಗುವಾಗ ಅವರೂ ವಿಲ್‌ನವ್‌ನಲ್ಲಿ ರೋಲಾ ಮನೆಯ ಬಳಿ ಉಳಿದರು. ಐದು ವರ್ಷದ ಹಿಂದಿನ ಪಾಠ ರೋಲಾರಿಗೆ ನೆನಪಿತ್ತು. ರೋಮ್‌ನಲ್ಲಿ ನಿಮ್ಮ ಹೆಸರನ್ನು ಬಳಸಿಕೊಳ್ಳುತ್ತಾರೆ ಎಂದು ಎಚ್ಚರಿಸಿದರು. ಸರ್ಕಾರದ ಅತಿಥಿಯಾಗದೆ ಜನರಲ್ ಮೋರಿಸ್ ಎಂಬುವರ ಮನೆಯಲ್ಲಿ ಇಳಿದುಕೊಳ್ಳುವಂತೆ ಏರ್ಪಾಡಾಯಿತು. ಡಿಸೆಂಬರ್ 12ರಂದು ಪಲಾತ್ಸೊ ವೆನೆಜಿಯಾದಲ್ಲಿ ಭೇಟಿ. ಮುಸೊಲಿನಿಯ ಆ ಕೋಣೆಯ ಬಗ್ಗೆ ಮಕ್ಕಳಿಗೆ ಹೇಳಿ. ಸುಮಾರು 60 ಅಡಿ ಉದ್ದ, ಹೆಚ್ಚುಕಡಿಮೆ ಬರಿದಾದ ಹಜಾರ, ದೂರದ ಮೂಲೆಯಲ್ಲಿ ಒಂದು ಮೇಜು. ಬಂದವರು ಅಷ್ಟುದ್ದ ತಮ್ಮ ಹೆಜ್ಜೆಯ ಸಪ್ಪಳ ತಾವೇ ಕೇಳಿಸಿಕೊಳ್ಳುತ್ತ ನಡೆಯಬೇಕು. ಬೇಕಾದ ಅತಿಥಿಯಾದರೆ ಅವನೇ ಎದ್ದು ಎದುರಿಗೆ ಬರುತ್ತಿದ್ದ. ಯಾರನ್ನು ನಡೆಸಬೇಕು, ಯಾರಿಗೆ ಎದ್ದು ಬರಬೇಕು ಎಂಬ ಲೆಕ್ಕವೆಲ್ಲ ಮೊದಲೇ ಆಗಿರುತ್ತಿತ್ತು.

ನಿಮ್ಮ ಹುಡುಗನ ಪ್ರಿಂಟ್‌ನಲ್ಲಿರುವ ಮಾತು ಡಿಸೆಂಬರ್ 20ರಂದು ಹಡಗಿನಿಂದ ಗಾಂಧೀಜಿ ರೋಲಾರಿಗೆ ಬರೆದ ಪತ್ರದ್ದು. ಮುಸೊಲಿನಿ ನನಗೊಂದು ಒಗಟು ಎಂದು ಅವರು ಬರೆಯುತ್ತಾರೆ. ರೈತರಿಗೆ ಸಾಕಷ್ಟು ಮಾಡಿದ ಹಾಗಿದೆ, ಸುಧಾರಣೆಗಳು ಆಕರ್ಷಿಸುತ್ತವೆ ಎನ್ನುತ್ತಾರೆ. ಉಕ್ಕಿನ ಹಿಡಿತ ಇದೆ ಎಂದೂ ಒಪ್ಪುತ್ತಾರೆ. ಈ ಸುಧಾರಣೆಗಳೆಲ್ಲ ಬಲವಂತದವು ಎಂಬುದೇ ತಮ್ಮ ಮೂಲ ಶಂಕೆ ಎಂದೂ ಹೇಳುತ್ತಾರೆ. ಫಾರ್ವರ್ಡ್ ಮಾಡಿದವರು ಬಿಟ್ಟುಬಿಟ್ಟ ಸಾಲುಗಳು ಇವು. ಆದರೆ ನಾವೂ ಅವರ ಹಾಗೆ ಅನುಕೂಲದ ಸಾಲುಗಳನ್ನಷ್ಟೇ ಆರಿಸಬಾರದು. ಅದೇ ಪತ್ರದಲ್ಲಿ, ಬಹುಪಾಲು ಇಟಾಲಿಯನ್ನರು ಈ ಬಿಗಿ ಆಡಳಿತವನ್ನು ಪ್ರೀತಿಸುತ್ತಾರೆ ಅನ್ನಿಸಿತು ಎಂದೂ ಇದೆ. ಇದು ತಪ್ಪು ಅಂದಾಜು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಎರಡು ದಿನ ಇದ್ದವರಿಗೆ "ನನಗೆ ಇದು ಬೇಡ" ಎಂದು ರೋಮ್‌ನಲ್ಲಿ ಯಾರು ಹೇಳಬಹುದಿತ್ತು? ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ವಿಶ್ವವಿದ್ಯಾಲಯಗಳಿಗೆ ಆಜ್ಞೆ ಹೊರಟಿದ್ದು ಅದೇ 1931ರಲ್ಲಿ. ಸುಮಾರು 1,200 ಪ್ರಾಧ್ಯಾಪಕರಲ್ಲಿ ಆಗುವುದಿಲ್ಲ ಎಂದವರು ಹನ್ನೆರಡು ಮಂದಿಯ ಆಸುಪಾಸು. ಅವರ ಕೆಲಸ ಹೋಯಿತು.

ಇಷ್ಟು ಎಚ್ಚರ ವಹಿಸಿದರೂ ಮೋಸ ತಪ್ಪಲಿಲ್ಲ. ಜೊರ್ನಾಲೆ ದಿತಾಲಿಯಾ ಎಂಬ ಪತ್ರಿಕೆ ಗಾಂಧೀಜಿ ಕೊಟ್ಟೇ ಇರದ ಸಂದರ್ಶನವನ್ನು ಅವರ ಹೆಸರಿನಲ್ಲಿ ಅಚ್ಚು ಹಾಕಿತು. ಮತ್ತೆ ಕಾನೂನುಭಂಗ ಚಳವಳಿ ಶುರುಮಾಡುತ್ತೇನೆ ಎಂದು ಅವರು ಗುಡುಗಿದ ಹಾಗೆ. ಹಡಗಿನಿಂದಲೇ ಅವರು ಅಲ್ಲಗಳೆದರು. ಲಂಡನ್ನಿನಲ್ಲಿ ಆಗಬೇಕಾದ ಹಾನಿ ಅಷ್ಟರಲ್ಲಿ ಆಗಿತ್ತು.

ಈ ಸುಳ್ಳು ಸಂದರ್ಶನದ ನೆನಪು ಮುಂದೆ ಒಬ್ಬರಿಗೆ ಉಪಯೋಗಕ್ಕೆ ಬಂತು. 1936ರ ಫೆಬ್ರವರಿ 28ರಂದು ಲೊಸಾನ್‌ನಲ್ಲಿ ಕಮಲಾ ನೆಹರೂ ತೀರಿಕೊಂಡರು. ಕೆಲವೇ ದಿನಗಳಲ್ಲಿ ಜವಾಹರಲಾಲ್ ನೆಹರೂ ರೋಮ್ ಮೂಲಕ ವಿಮಾನದಲ್ಲಿ ಮರಳುತ್ತಿದ್ದರು. ಮುಸೊಲಿನಿ ಸಂತಾಪ ಹೇಳಲು ಕಾಯುತ್ತಿದ್ದಾನೆ, ಬನ್ನಿ ಎಂದು ಅಧಿಕಾರಿ ಬಂದು ನಿಂತ. ಇಥಿಯೋಪಿಯಾದ ಮೇಲೆ ಇಟಲಿಯ ದಾಳಿ ನಡೆಯುತ್ತಿದ್ದ ತಿಂಗಳು ಅದು. ಭೇಟಿಯನ್ನು ಪ್ರಚಾರಕ್ಕೆ ಬಳಸುತ್ತಾರೆ ಎಂದು, ಗಾಂಧೀಜಿಗೆ ಆದದ್ದನ್ನು ನೆನೆದು, ನೆಹರೂ ಒಲ್ಲೆ ಎಂದರು. ಸುಮಾರು ಒಂದು ಗಂಟೆ ವಾದ ನಡೆಯಿತು. ಹೆಂಡತಿಯ ಅಸ್ಥಿ ಜೊತೆಗಿಟ್ಟುಕೊಂಡ ಮನುಷ್ಯ ಸಂತಾಪದ ಕರೆಯನ್ನು ನಿರಾಕರಿಸುವುದು ಎಷ್ಟು ಕಷ್ಟವಿದ್ದೀತು ಎಂದು ನಾನು ಈ ಪಾಠ ಮಾಡಿದಾಗಲೆಲ್ಲ ಯೋಚಿಸಿದ್ದೇನೆ.

ಈಗ ನಿಮ್ಮ "ಹೇಗೆ ಮರುಳಾದರು" ಎಂಬ ಪ್ರಶ್ನೆ. ಎಲ್ಲರಿಗೂ ಒಂದೇ ಕಾರಣವಿರಲಿಲ್ಲ. ಪ್ರವಾಸಿ ಊರಿಂದ ಹೊರಡುವಾಗ ಯಾವ ಜಗಳವನ್ನು ತಲೆಯಲ್ಲಿಟ್ಟುಕೊಂಡು ಹೊರಟನೋ ಅದಕ್ಕೆ ತಕ್ಕ ಇಟಲಿ ಅವನಿಗೆ ಕಂಡಿತು. ನಮ್ಮವರಿಗೆ ಇಟಲಿ ಎಂದರೆ ಮ್ಯಾಜಿನಿ, ಗ್ಯಾರಿಬಾಲ್ಡಿ. ಲಾಲಾ ಲಜಪತ ರಾಯ್ ಇವರ ಜೀವನಚರಿತ್ರೆ ಬರೆದಿದ್ದರು, ಸಾವರ್ಕರ್ ಮ್ಯಾಜಿನಿಯನ್ನು ಮರಾಠಿಗೆ ತಂದಿದ್ದರು. ಚೂರುಚೂರಾಗಿದ್ದ, ಬಡತನದ, ಬೇಸಾಯದ ದೇಶವೊಂದು ಪರಕೀಯರನ್ನು ಓಡಿಸಿ ಒಂದಾದ ಕಥೆ ಅದು. ಆ ಅಕ್ಕರೆಯ ಮಂಜಿನಲ್ಲಿ 1922ರಲ್ಲಿ ಮುಸೊಲಿನಿ ಅಧಿಕಾರ ಹಿಡಿದ ನಂತರದ ಇಟಲಿ ಬೇರೆಯದು ಎಂಬುದು ಎಷ್ಟೋ ಜನರಿಗೆ ಕಾಣಲಿಲ್ಲ. ಬ್ರಿಟಿಷರು ತಮ್ಮ ಜಗಳ ಹೊತ್ತು ಬಂದಿದ್ದರು. ಅವರಿಗೆ ರಷ್ಯದ ಕ್ರಾಂತಿ ತಮ್ಮ ಮನೆ ಬಾಗಿಲಿಗೂ ಬಂದೀತೆಂಬ ಭಯ. 1927ರ ಜನವರಿಯಲ್ಲಿ ರೋಮ್‌ನಲ್ಲಿ ಚರ್ಚಿಲ್, ನಾನು ಇಟಾಲಿಯನ್ ಆಗಿದ್ದರೆ ಲೆನಿನ್‌ವಾದದ ವಿರುದ್ಧದ ನಿಮ್ಮ ಹೋರಾಟದಲ್ಲಿ ಮೊದಲಿಂದ ಕೊನೆಯವರೆಗೂ ನಿಮ್ಮ ಜೊತೆಗೇ ಇರುತ್ತಿದ್ದೆ ಎಂದು ಪತ್ರಕರ್ತರ ಮುಂದೆ ಹೇಳಿದರು. ಮುಂದೆ ಹಿಟ್ಲರನ ವಿರುದ್ಧ ಯುದ್ಧ ನಡೆಸಿದ ಅದೇ ಚರ್ಚಿಲ್. 1936ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಲಾಯ್ಡ್ ಜಾರ್ಜ್ ಹಿಟ್ಲರನನ್ನು ಅವನ ಬೆಟ್ಟದ ಮನೆಯಲ್ಲಿ ಕಂಡು ಬಂದು, ಅವನನ್ನು ಜರ್ಮನಿಯ ಜಾರ್ಜ್ ವಾಷಿಂಗ್ಟನ್ ಎಂದು ಪತ್ರಿಕೆಯಲ್ಲಿ ಬರೆದರು. ಆ ಹೊತ್ತಿಗೆ ಹಿಟ್ಲರನ ವಿರೋಧಿಗಳನ್ನು ಕೂಡಿಹಾಕುವ ಡಕಾವ್ ಸೆರೆಶಿಬಿರ ಶುರುವಾಗಿ ಮೂರೂವರೆ ವರ್ಷ ಕಳೆದಿತ್ತು. ಅವರ ತಲೆಯಲ್ಲಿದ್ದದ್ದು ಬ್ರಿಟನ್ನಿನ ನಿರುದ್ಯೋಗ.

ನೋಡಿದ್ದೆಲ್ಲ ಸುಳ್ಳು ಎಂದೂ ಮಕ್ಕಳಿಗೆ ಹೇಳಬೇಡಿ. ರೋಮ್‌ನ ದಕ್ಷಿಣಕ್ಕೆ ಮಲೇರಿಯಾ ತುಂಬಿದ್ದ ಜೌಗು ನೆಲದ ನೀರು ಬಸಿದು 1932ರಲ್ಲಿ ಲಿತ್ತೋರಿಯಾ, 1934ರಲ್ಲಿ ಸಬೌದಿಯಾ ಎಂಬ ಊರುಗಳನ್ನು ಕಟ್ಟಿದ್ದು ನಿಜ. ವಿದೇಶಿಯರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದುದೂ ಅದನ್ನೇ. ಲಿಪಾರಿ, ಪೊಂಜಾದಂಥ ದ್ವೀಪಗಳಲ್ಲಿ ವಿಚಾರಣೆಯಿಲ್ಲದೆ ಗಡೀಪಾರಾಗಿ ಬಿದ್ದಿದ್ದವರನ್ನು ತೋರಿಸುತ್ತಿರಲಿಲ್ಲ. ತೋರಿಸುವ ಏರ್ಪಾಡು ಎಷ್ಟು ಅಚ್ಚುಕಟ್ಟು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1932ರ ಅಕ್ಟೋಬರ್ 28ರಂದು ರೋಮ್‌ನಲ್ಲಿ 'ಫ್ಯಾಸಿಸ್ಟ್ ಕ್ರಾಂತಿಯ ಪ್ರದರ್ಶನ' ತೆರೆಯಿತು, ಎರಡು ವರ್ಷ ನಡೆಯಿತು. ಅಲ್ಲಿಗೆ ಹೋಗಿ ಬರುವವರಿಗೆ ರೈಲು ಟಿಕೆಟ್‌ನಲ್ಲಿ ಶೇ. 70ರ ರಿಯಾಯಿತಿ. ಫ್ಯಾಸಿಸಂ ಕಂಡರೆ ಆಗದ ಫ್ರೆಂಚ್ ಲೇಖಕರಾದ ಸಿಮೊನ್ ದ ಬೊವಾ ಮತ್ತು ಸಾರ್ತ್ರ್ ಕೂಡ ಆ ಅಗ್ಗದ ಟಿಕೆಟ್ಟಿಗಾಗಿ ಒಳಗೆ ಹೊಕ್ಕು ಬಂದರು.

ಇನ್ನೊಂದು ಕಾರಣ ನಮಗೆ ಹತ್ತಿರದ್ದು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದವರು ನಾವು. ಅತಿಥಿಯಾಗಿ ಹೋದಲ್ಲಿ ಮೆಚ್ಚಿ ಒಂದು ಮಾತಾಡುವುದು ನಮಗೆ ಸೌಜನ್ಯ. ಪ್ರಚಾರದ ಇಲಾಖೆ ಇದ್ದ ಸರ್ಕಾರಕ್ಕೆ ಆ ಸೌಜನ್ಯವೇ ಕಚ್ಚಾ ಮಾಲು.

ರೈಲಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಮೊದಲ ಮಹಾಯುದ್ಧದಲ್ಲಿ ಹಾಳಾದ ರೈಲ್ವೆಯನ್ನು ದುರಸ್ತಿ ಮಾಡುವ ಕೆಲಸ ಮುಸೊಲಿನಿ ಬರುವ ಮೊದಲೇ ಆರಂಭವಾಗಿತ್ತು. ವಿದೇಶಿಯರು ಹತ್ತುತ್ತಿದ್ದ ದೊಡ್ಡ ಎಕ್ಸ್‌ಪ್ರೆಸ್‌ಗಳು ಹೆಚ್ಚುಕಡಿಮೆ ವೇಳೆಗೆ ಸರಿಯಾಗಿ ಓಡಿದವು, ಹಳ್ಳಿಯವರು ಹತ್ತುತ್ತಿದ್ದ ಸ್ಥಳೀಯ ಗಾಡಿಗಳು ತಡವಾಗುತ್ತಲೇ ಇದ್ದವು. ಹೊಗಳಿಕೆ ಬರೆದವರು ಎಕ್ಸ್‌ಪ್ರೆಸ್‌ನವರು.

"ಆಗ ಯಾರಿಗೂ ಗೊತ್ತಿರಲಿಲ್ಲ" ಎಂಬ ಸಮಾಧಾನವನ್ನು ಮಾತ್ರ ದಯವಿಟ್ಟು ಕೊಡಬೇಡಿ. ಮಾಟ್ಟಿಯೊಟ್ಟಿಯ ಕೊಲೆ 1924ರಲ್ಲೇ ಜಗತ್ತಿನ ಪತ್ರಿಕೆಗಳಲ್ಲಿ ಬಂದಿತ್ತು. ಗೊತ್ತುಮಾಡಿಕೊಳ್ಳಲು ದಾರಿಯಿತ್ತು. ಅಮೆರಿಕದ ಕಪ್ಪು ಜನಾಂಗದ ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬೊಯಿಸ್ 1936ರಲ್ಲಿ ತಿಂಗಳುಗಟ್ಟಲೆ ಜರ್ಮನಿಯಲ್ಲಿದ್ದರು. ತಮ್ಮ ದೇಶದಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಕ್ಕಿತು ಎಂದು ಪ್ರಾಮಾಣಿಕವಾಗಿ ಬರೆದರು. ದೇಶ ಬಿಟ್ಟು ಹೊರಬಂದ ಮೇಲೆ, ಯಹೂದಿಗಳ ಮೇಲೆ ನಡೆಯುತ್ತಿರುವಂಥ ದ್ವೇಷದ ಕ್ರೌರ್ಯವನ್ನು ತಾನು ಎಂದೂ ಕಂಡಿಲ್ಲ ಎಂದೂ ಬರೆದರು. ತನಗೆ ಆದ ಆದರವನ್ನು ಬೇರೆಯವರಿಗೆ ಆಗುತ್ತಿದ್ದ ಅನ್ಯಾಯಕ್ಕೆ ಅಡ್ಡ ಹಿಡಿಯಲಿಲ್ಲ.

ಹಾಗೆಯೇ, ಹೋದವರನ್ನೆಲ್ಲ ಒಂದೇ ಗಂಟಿಗೆ ಕಟ್ಟಬೇಡಿ. 1931ರ ಮಾರ್ಚ್‌ನಲ್ಲಿ ಹಿಂದೂ ಮಹಾಸಭೆಯ ಬಿ.ಎಸ್. ಮೂಂಜೆ ಮುಸೊಲಿನಿಯನ್ನು ಕಂಡರು, ಬಾಲಿಲ್ಲಾ ಬಾಲಕ ಸಂಘಟನೆಯನ್ನೂ ಮಿಲಿಟರಿ ಶಾಲೆಗಳನ್ನೂ ನೋಡಿ ದಿನಚರಿಯಲ್ಲಿ ಮೆಚ್ಚಿ ಬರೆದರು, ಭಾರತಕ್ಕೆ ಇಂಥದ್ದು ಬೇಕು ಎಂದುಕೊಂಡರು. ನಾಸಿಕದ ಭೋಂಸಲಾ ಮಿಲಿಟರಿ ಶಾಲೆ ಸ್ಥಾಪಿಸಿದವರು ಅವರು. ಸುಭಾಷ್ ಚಂದ್ರ ಬೋಸ್ ಮುಸೊಲಿನಿಯನ್ನು ಒಂದಕ್ಕಿಂತ ಹೆಚ್ಚು ಸಲ ಭೇಟಿಯಾದರು. ಬ್ರಿಟನ್ನಿನ ವಿರುದ್ಧ ಆಸರೆ ಹುಡುಕುವುದು ಅವರ ಗುರಿ. ಫ್ಯಾಸಿಸಂ ಆಗಿನ್ನೂ ಬೇರೆ ದೇಶಗಳ ಮೇಲೆ ಬೀಳಲು ಶುರುಮಾಡಿರಲಿಲ್ಲ, ಅದು ಉಗ್ರ ರಾಷ್ಟ್ರೀಯತೆಯ ಒಂದು ರೂಪವೆಂದೇ ನನಗೆ ಕಂಡಿತ್ತು ಎಂದು 1938ರ ಆರಂಭದಲ್ಲಿ ಲಂಡನ್ನಿನಲ್ಲಿ ವಿವರಣೆ ಕೊಟ್ಟರು. ಕವಿಯ ಮೆಚ್ಚುಗೆ, ಸಂತನ ಕುತೂಹಲ, ಸಂಘಟಕನ ಅನುಕರಣೆ, ಹೋರಾಟಗಾರನ ಲೆಕ್ಕಾಚಾರ ಇವು ನಾಲ್ಕು ಬೇರೆಬೇರೆ ಸಂಗತಿಗಳು. ಫಾರ್ವರ್ಡ್‌ನಲ್ಲಿ ನಾಲ್ಕೂ "ಹೊಗಳಿದರು" ಎಂಬ ಒಂದೇ ಕ್ರಿಯಾಪದದಲ್ಲಿ ಕರಗಿಹೋಗುತ್ತವೆ.

ತರಗತಿಯಲ್ಲಿ ಏನು ಮಾಡುವುದು? ಹೆಡ್‌ಮಾಸ್ಟರು ಹೇಳಿದ ಹಾಗೆ ಬಿಟ್ಟುಬಿಡಬಹುದು, ದೂರಿನ ಭಯವೂ ಇರುವುದಿಲ್ಲ. ಆದರೆ ಆ ಹುಡುಗನ ಪಾಲಿಗೆ ಮಿಸ್ ಮುಚ್ಚಿಟ್ಟರು, ಮಾವ ಸರಿ ಎಂದು ತೀರ್ಮಾನವಾಗುತ್ತದೆ. ಬರೀ ಟಾಗೋರರ ಆಗಸ್ಟ್ ಪತ್ರ ಓದಿ ಮುಗಿಸಬಹುದು. ಅದೂ ಅಪಾಯವೇ. ನಾಳೆ ಅವನಿಗೆ ಜೂನ್ ತಿಂಗಳ ಫೋಟೊ ಸಿಕ್ಕರೆ ನಿಮ್ಮ ಮೇಲಿನ ನಂಬಿಕೆ ಇನ್ನೊಂದು ಸಲ ಹೋಗುತ್ತದೆ. ನಾನು ಮಾಡುತ್ತಿದ್ದದ್ದು ಎಲ್ಲವನ್ನೂ ತಾರೀಖಿನ ಸಮೇತ ಬೋರ್ಡಿನ ಮೇಲೆ ಬರೆಸುವುದು. ಎಡಗಡೆ ಪ್ರವಾಸಿ ಏನು ಹೇಳಿದ, ಬಲಗಡೆ ಆ ಹೊತ್ತಿನಲ್ಲಿ ಆ ದೇಶದಲ್ಲಿ ಏನು ನಡೆಯುತ್ತಿತ್ತು. 1926ರ ಜೂನ್ ಎದುರಿಗೆ ಅಮೆಂದೋಲರ ಸಾವು ಬರುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಕಮ್ಯುನಿಸ್ಟ್ ನಾಯಕ ಅಂತೋನಿಯೊ ಗ್ರಾಮ್ಷಿಯ ಬಂಧನ. 1931ರ ಡಿಸೆಂಬರ್ ಎದುರಿಗೆ ಪ್ರಾಧ್ಯಾಪಕರ ಪ್ರಮಾಣವಚನ. ಇದಕ್ಕೆ ಎರಡು ಪೀರಿಯಡ್ ಹಿಡಿಯುತ್ತದೆ, ಪರೀಕ್ಷೆಗೆ ಬರುವುದಿಲ್ಲ. ಇದರಲ್ಲೂ ಒಂದು ಅಪಾಯವಿದೆ. ಎರಡು ಕಾಲಂ ನೋಡಿದ ಕೆಲವು ಮಕ್ಕಳು "ಹಂಗಾದ್ರೆ ಒಳ್ಳೇದೂ ಇತ್ತು, ಕೆಟ್ಟದ್ದೂ ಇತ್ತು" ಎಂದು ತಕ್ಕಡಿ ತೂಗಲು ಹೊರಡುತ್ತಾರೆ. ಆಗ ಜೌಗು ಬಸಿಯಲು ಮಾಟ್ಟಿಯೊಟ್ಟಿಯನ್ನು ಕೊಲ್ಲಬೇಕಿತ್ತೇ ಎಂದು ಕೇಳಿ, ಉತ್ತರ ಅವರಿಂದಲೇ ಬರಲಿ. ಹೆಡ್‌ಮಾಸ್ಟರರಿಗೆ ಮೊದಲೇ ಒಂದು ಪುಟದ ಪಾಠ ಯೋಜನೆ ಕೊಟ್ಟಿರಿ. ಇದು 1926 ಮತ್ತು 1931ರ ಇಟಲಿಯ ಪಾಠ, ಇವತ್ತಿನ ಯಾವ ಪಕ್ಷದ ಬಗ್ಗೆಯೂ ಅಲ್ಲ ಎಂದು ಅದರಲ್ಲೇ ಬರೆದಿರಿ.

ಶುರುಮಾಡುವ ಮುನ್ನ, "ಮೊನ್ನೆ ನಾನು ಸುಳ್ಳು ಅಂದದ್ದು ತಪ್ಪಾಯ್ತು, ನೀನು ತಂದದ್ದು ಅರ್ಧ ನಿಜ, ಉಳಿದರ್ಧ ಎಲ್ಲರೂ ಸೇರಿ ಹುಡುಕೋಣ" ಎಂದು ಇಡೀ ತರಗತಿಯ ಎದುರಿಗೇ ಅವನಿಗೆ ಹೇಳಿ. ಸೀಮೆಸುಣ್ಣ ಅವನ ಕೈಗೇ ಕೊಡಿ. ಬಲಗಡೆಯ ಕಾಲಂನಲ್ಲಿ ಮೊದಲ ಸಾಲು: 1924, ಜೂನ್ 10.